ನೂರು ವರ್ಷದ ಖುಕುರಿಗೆ ಎಷ್ಟು ಕೊಡಬಹುದು?

ಕಠ್ಮಂಡುವಿನ ತಮೇಲ್‌ನಲ್ಲಿ ಖುಕುರಿ ಎಂಬ ನೇಪಾಳಿ ಬಾಗುಕತ್ತಿಯ ಅಂಗಡಿಗಳಿಗೆ ಬರವಿಲ್ಲ. ಪಶುಪತಿನಾಥನ ದರ್ಶನ ಮುಗಿಸಿದ ನಮ್ಮ ಕಡೆಯ ಯಾತ್ರಿಕರೂ ಸಂಜೆ ಅಲ್ಲಿಗೇ ಬರುತ್ತಾರೆ. ಗಾಜಿನ ಕಪಾಟಿನಲ್ಲಿ ಮಿರಿಮಿರಿ ಹೊಸವು. ಒಳಗೆ ಬಟ್ಟೆ ಸುತ್ತಿಟ್ಟ ಕಪ್ಪನೆಯವು. ನಾನು ಕೇಳಿದ್ದು ಒಳಗಿನದನ್ನು. ‘ರಾಣಾ ಕಾಲದ್ದು, ನೂರು ವರ್ಷ ದಾಟಿದೆ’ ಎಂದ ಅಂಗಡಿಯವರು ಹೊಸದರ ಹಲವು ಪಟ್ಟು ಬೆಲೆ ಹೇಳಿದರು.

ಅಲ್ಲಿ ಬೆಲೆ ಕೇಳಿದ ಕೂಡಲೇ ಯಾವ ರೂಪಾಯಿ ಎಂದೂ ಕೇಳಬೇಕು. 1993ರಿಂದ ನಮ್ಮ 100 ರೂಪಾಯಿಗೆ ನೇಪಾಳದ 160. ‘ಐಸಿ’ ಎಂದರೆ ನಮ್ಮದು, ‘ಎನ್‌ಸಿ’ ಎಂದರೆ ಅವರದು. ಇದು ಇತ್ಯರ್ಥವಾಗದೆ ಚೌಕಾಶಿಗೆ ಇಳಿದರೆ ಕಷ್ಟಪಟ್ಟು ಇಳಿಸಿದ್ದೆಲ್ಲ ಹಣ ಎಣಿಸುವಾಗ ಮತ್ತೆ ಏರುತ್ತದೆ.

ಆಮೇಲೆ ಅಲಗು. ಬಹುದಿನದ ತುಕ್ಕು ಕಂದುಗಪ್ಪಾಗಿ, ಅಲ್ಲಲ್ಲಿ ಕುಳಿಬಿದ್ದು, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಆಸಿಡ್ ಬಳಿದು ಹಳತು ಮಾಡಿದ್ದರಲ್ಲಿ ಬಣ್ಣ ಎಲ್ಲೆಡೆ ಒಂದೇ ಸಮ. ಸಿಂಹದ ತಲೆ ಕೆತ್ತಿದ ಹಿಡಿ ಬಹುಮಟ್ಟಿಗೆ ಪ್ರವಾಸಿಗರಿಗೆಂದೇ ಮಾಡಿದ್ದು. ಇಷ್ಟನ್ನು ನೋಡಿದರೆ ಸುಳ್ಳು ಹಿಡಿಯಬಹುದು. ನಿಜವನ್ನು ಸಾಬೀತು ಮಾಡಲಾಗದು. ನನ್ನ ಕೈಲಿದ್ದದ್ದು ಈ ಪರೀಕ್ಷೆಗಳಲ್ಲಿ ಪಾಸಾಯಿತು, ಆದರೂ ನಾನು ಕೊಳ್ಳಲಿಲ್ಲ.

ಕಾರಣ ಕಾನೂನು. ನೇಪಾಳದ 1956ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯಂತೆ ನೂರು ವರ್ಷ ದಾಟಿದ ವಸ್ತುವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಳತಿನಂತೆ ಕಾಣುವುದನ್ನು ಒಯ್ಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಚೀಟಿ ಬೇಕು. ನಮ್ಮ 1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲೂ ಇಂಥವಕ್ಕೆ ಮಿತಿ ನೂರೇ ವರ್ಷ. ಹಾಗಾದರೆ ಲೆಕ್ಕ ಇಷ್ಟು: ಅಂಗಡಿಯವರ ಮಾತು ನಿಜವಾದರೆ ಖುಕುರಿ ಗಡಿ ದಾಟದು; ಚೀಟಿ ಸಿಕ್ಕಿ ದಾಟಿದರೆ ಅದಕ್ಕೆ ನೂರು ತುಂಬಿಲ್ಲ ಎಂದಾಯಿತು. ಎರಡರಲ್ಲಿ ಯಾವುದಾದರೂ, ಊರಿಗೆ ಒಯ್ಯಬೇಕೆನ್ನುವ ನಾನು ವಯಸ್ಸಿಗೆಂದು ಹೆಚ್ಚುವರಿ ಒಂದು ರೂಪಾಯಿ ಕೊಡಲೂ ಆಧಾರವಿಲ್ಲ.

‘ದಾಜು (ಅಣ್ಣ), ಇಲಾಖೆಯ ಚೀಟಿ ಮಾಡಿಸಿಕೊಡುತ್ತೀರಾ?’ ಎಂದು ಕೇಳಿದೆ. ‘ಅದಕ್ಕೇನು, ನಾಳೆಯೇ ಆಗುತ್ತದೆ’ ಎಂದರು. ನನಗೆ ಅಷ್ಟು ಉತ್ತರ ಸಾಕಾಗಿತ್ತು.

ಅಸಲಿ ಹಳೆಯ ಖುಕುರಿಯೇ ಬೇಕೆನ್ನುವವರಿಗೆ ದಾರಿಯಿಲ್ಲವೆಂದಲ್ಲ. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಶಸ್ತ್ರಾಗಾರದ ದಾಸ್ತಾನನ್ನು 2003ರಲ್ಲಿ ಅಮೆರಿಕದ ಎರಡು ಕಂಪನಿಗಳು ಕೊಂಡವು. ಅಲ್ಲಿಂದ ಬಂದ ಸೈನ್ಯದ ಖುಕುರಿಗಳ ಬೆನ್ನಿನ ಮೇಲೆ ದೇವನಾಗರಿ ಅಕ್ಷರಗಳ ಗುರುತಿದೆ, ಎಲ್ಲಿಂದ ಬಂತೆಂಬ ಚರಿತ್ರೆಯಿದೆ, ಬೆಲೆ ಬಹಿರಂಗವಾಗಿದೆ. ಹೆಚ್ಚು ಹಣ ಕೊಡುವುದೇ ಆದರೆ ಇಂಥ ದಾಖಲೆಗೆ ಕೊಡಬೇಕು. ಕಪ್ಪು ಬಣ್ಣಕ್ಕೂ ಕಥೆಗೂ ಅಲ್ಲ.

ನಾನು ಕೊಂಡದ್ದು ಹೊಸದು. ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಬಡಿದು ಮಾಡಿದ್ದು. ಕಾಯಿಸಿದ ಅಲಗಿನ ಬಾಯಿಗೆ ಮಾತ್ರ ಕೆಟಲಿನಿಂದ ನೀರು ಹೊಯ್ದು ಗಡಸು ಮಾಡುತ್ತಾರೆ. ಬೆನ್ನು ಮೆತ್ತಗೇ ಉಳಿಯುವುದರಿಂದ ಪೆಟ್ಟು ತಡೆಯುತ್ತದೆ. ಕಮ್ಮಾರರು ಅರ ತೀಡಿ ತೋರಿಸಿದರು: ಬಾಯಿಯ ಮೇಲೆ ಅರ ಜಾರಿತು, ಬೆನ್ನಿನಲ್ಲಿ ಕಚ್ಚಿತು. ಕಣ್ಣೆದುರಿನ ಈ ಕೆಲಸಕ್ಕೆ ಅವರು ಹೇಳಿದ ಬೆಲೆಯನ್ನು ಎಳೆದಾಡದೆ ಕೊಟ್ಟೆ. ‘ಹೊಸದು’ ಎಂದು ಬರೆಸಿದ ಬಿಲ್ಲನ್ನು ಒರೆಯ ಜೊತೆಗಿಟ್ಟು, ಕೈಚೀಲಕ್ಕಲ್ಲದೆ ಚೆಕ್‌-ಇನ್ ಸಾಮಾನಿಗೆ ಹಾಕಿದೆ.