ಲೋಕಭಾಷೆ ಕಟ್ಟಿದ ಪಾದ್ರಿ: ನಾಮಕರಣ ಪಾಠಕ್ಕೊಂದು ಪೀಠಿಕೆ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಕಾರ್ಬನ್ ಸಂಯುಕ್ತಗಳ ನಾಮಕರಣ. ಅವಧಿ: 40 ನಿಮಿಷ.

ಉದ್ದೇಶ: ಮೂಲಪದಕ್ಕೆ ನಿಯಮದಂತೆ ಪ್ರತ್ಯಯ ಸೇರಿಸಿ ಹೆಸರು ಕಟ್ಟುವುದನ್ನು ವಿದ್ಯಾರ್ಥಿಗಳು ಗ್ರಹಿಸುವರು, ಅಂಥ ನಿಯಮಗಳನ್ನು ಯಾರು, ಹೇಗೆ ಒಪ್ಪಬೇಕೆಂದು ಚರ್ಚಿಸುವರು.

ಈಥೇನ್, ಎಥನಾಲ್, ಎಥನೋಯಿಕ್ ಆಮ್ಲ ಎಂಬ ಹೆಸರುಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅವುಗಳ ಒಳಗೆ ಒಂದು ವ್ಯಾಕರಣವಿದೆ ಎಂದು ಹೇಳಿದರೆ ನಂಬುವುದಿಲ್ಲ. ಆದ್ದರಿಂದ ಬೋಧನಾಭ್ಯಾಸದಲ್ಲಿ ಈ ಘಟಕಕ್ಕೆ ಪೀಠಿಕೆಯಾಗಿ ಯೋಹಾನ್ ಮಾರ್ಟಿನ್ ಶ್ಲಾಯರ್ ಅವರ ಜೀವನವನ್ನು ಆರಿಸಿಕೊಂಡೆ. ಪರೀಕ್ಷೆ ಎದುರಿಗಿರುವ ತರಗತಿಯಲ್ಲಿ ಪಾದ್ರಿಯೊಬ್ಬರ ಕಥೆಗೆ ಸಮಯ ಕೊಡಬಹುದೇ ಎಂಬ ಪ್ರಶ್ನೆ ಬಂತು. ಅದಕ್ಕೆ ಉತ್ತರವನ್ನು ಪಾಠವೇ ಕೊಡಬೇಕಿತ್ತು.

ವಿಷಯ ಮಂಡನೆ

ಶ್ಲಾಯರ್ 1831ರಲ್ಲಿ ಜರ್ಮನಿಯ ಬಾಡೆನ್ ಪ್ರಾಂತ್ಯದ ಓಬರ್‌ಲೌಡಾದಲ್ಲಿ ಹುಟ್ಟಿದರು. 1856ರಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿ ದೀಕ್ಷೆ ಪಡೆದರು. ಕಾನ್‌ಸ್ಟನ್ಸ್ ಸರೋವರದ ದಡದ ಲಿಟ್ಸೆಲ್‌ಸ್ಟೆಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಸೇವೆ ಮಾಡುತ್ತಿದ್ದಾಗ, 1879ರಲ್ಲಿ ನಿದ್ರೆ ಬಾರದ ಒಂದು ರಾತ್ರಿ, ಲೋಕಕ್ಕೆಲ್ಲ ಒಂದೇ ಭಾಷೆ ರಚಿಸಬೇಕೆಂಬ ದೈವಪ್ರೇರಣೆ ತಮಗಾಯಿತೆಂದು ಅವರು ಹೇಳಿದರು. ಅದೇ ವರ್ಷ ತಾವು ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಅದರ ರೂಪರೇಖೆ ಅಚ್ಚಾಯಿತು. 1880ರಲ್ಲಿ ಪುಸ್ತಕ ಬಂತು. ಭಾಷೆಯ ಹೆಸರು ವೋಲಾಪ್ಯೂಕ್.

ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ:

ಲೋಕ, ಲೋಕದ, ಲೋಕಕ್ಕೆ, ಲೋಕವನ್ನು
ವೋಲ್, ವೋಲಾ, ವೋಲೆ, ವೋಲಿ

'ಭಾಷೆ'ಗೆ ಪ್ಯೂಕ್ ಎನ್ನುತ್ತಾರೆ ಎಂದಷ್ಟೇ ಹೇಳಿ, ಉಳಿದ ರೂಪಗಳನ್ನು ಗುಂಪಿನಲ್ಲಿ ಕಂಡುಹಿಡಿಯಲು ಬಿಟ್ಟೆ. ಪ್ಯೂಕಾ, ಪ್ಯೂಕೆ, ಪ್ಯೂಕಿ ಎಂದು ಎಲ್ಲ ಗುಂಪುಗಳೂ ಬರೆದವು. ವೋಲಾಪ್ಯೂಕ್ ಎಂದರೆ 'ಲೋಕದ ಭಾಷೆ' ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನೇ ಬಿಡಿಸಿ ಹೇಳಿದಳು. ಅಪವಾದವಿಲ್ಲದ ನಿಯಮದ ಶಕ್ತಿ ಇದು: ಒಂದು ಪದ ಕಲಿತವರು ಹತ್ತು ಪದ ಕಟ್ಟಬಲ್ಲರು.

ಮುಂದಿನ ಪ್ರಶ್ನೆ: ವೋಲ್, ಪ್ಯೂಕ್ ಎಲ್ಲಿಂದ ಬಂದವು? ಇಂಗ್ಲಿಷಿನ ವರ್ಲ್ಡ್, ಸ್ಪೀಕ್ ಎಂಬ ಪದಗಳಿಂದ. ಉಚ್ಚಾರ ಸುಲಭವಾಗಲೆಂದು ಶ್ಲಾಯರ್ 'ರ'ಕಾರವನ್ನು ಆದಷ್ಟು ದೂರವಿಟ್ಟು, ಪದಗಳನ್ನು ಮೊಟಕು ಮಾಡಿದರು. ಕನ್ನಡಿಗರೂ ಬಸ್ ಎಂಬುದನ್ನು ಬಸ್ಸು ಮಾಡಿದ್ದೇವೆ, ಪೆನ್ ಎಂಬುದನ್ನು ಪೆನ್ನು ಮಾಡಿದ್ದೇವೆ. ವ್ಯತ್ಯಾಸವೇನೆಂದು ಕೇಳಿದೆ. "ಬಸ್ಸಿನಲ್ಲಿ ಬಸ್ ಕಾಣುತ್ತದೆ, ವೋಲ್‌ನಲ್ಲಿ ವರ್ಲ್ಡ್ ಕಾಣುವುದಿಲ್ಲ" ಎಂದು ಉತ್ತರ ಬಂತು. ಒಂದನ್ನು ಸಾವಿರಾರು ನಾಲಿಗೆಗಳು ತಿದ್ದಿದವು, ಇನ್ನೊಂದನ್ನು ಒಬ್ಬರ ಲೇಖನಿ ತಿದ್ದಿತು ಎಂದು ನಾನು ಸೇರಿಸಿದೆ.

ಏಳು-ಬೀಳು

ಭಾಷೆ ಬೇಗ ಹಬ್ಬಿತು. 1884ರಲ್ಲಿ ಫ್ರೀಡ್ರಿಕ್ಸ್‌ಹಾಫನ್, 1887ರಲ್ಲಿ ಮ್ಯೂನಿಕ್, 1889ರಲ್ಲಿ ಪ್ಯಾರಿಸ್‌ನಲ್ಲಿ ಸಮ್ಮೇಳನಗಳು ನಡೆದವು. ಮೊದಲೆರಡರ ಕಲಾಪ ಜರ್ಮನ್ ಭಾಷೆಯಲ್ಲಿ. ಮೂರನೆಯದು ವೋಲಾಪ್ಯೂಕ್‌ನಲ್ಲೇ ನಡೆಯಿತು. 1889ರ ಹೊತ್ತಿಗೆ 283 ಸಂಘಗಳು, 25 ಪತ್ರಿಕೆಗಳು ಇದ್ದವೆಂಬ ಲೆಕ್ಕವಿದೆ.

ಬಳಸುವವರು ಹೆಚ್ಚಿದಂತೆ ತಿದ್ದುಪಡಿಯ ಬೇಡಿಕೆಯೂ ಹೆಚ್ಚಿತು. ಭಾಷಾ ಅಕಾಡೆಮಿಯ ನಿರ್ದೇಶಕರಾಗಿದ್ದ ಆಗಸ್ಟ್ ಕೆರ್ಕ್‌ಹಾಫ್ಸ್ ಸರಳೀಕರಣ ಬಯಸಿದರು. ಭಾಷೆ ತಮ್ಮದು, ಕೊನೆಯ ಮಾತೂ ತಮ್ಮದೇ ಎಂದು ಶ್ಲಾಯರ್ ಪಟ್ಟು ಹಿಡಿದರು. 1891ರಲ್ಲಿ ಕೆರ್ಕ್‌ಹಾಫ್ಸ್ ರಾಜೀನಾಮೆ ಕೊಟ್ಟರು. ಅಕಾಡೆಮಿ ಮುಂದೆ ಬೇರೆಯೇ ಭಾಷೆಯತ್ತ ಹೊರಳಿತು; ಸಂಘಗಳು ಕರಗಿದವು. 1887ರಲ್ಲಿ ಎಸ್ಪೆರಾಂಟೊ ಪ್ರಕಟಿಸಿದ ವಾರ್ಸಾದ ಕಣ್ಣಿನ ವೈದ್ಯ ಝಾಮೆನ್‌ಹಾಫ್, ತಮ್ಮ ಮೊದಲ ಪುಸ್ತಕದಲ್ಲೇ ಭಾಷೆಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದರು. ಎಸ್ಪೆರಾಂಟೊ ಇಂದಿಗೂ ಬಳಕೆಯಲ್ಲಿದೆ. ಶ್ಲಾಯರ್ 1912ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ತೀರಿಕೊಂಡರು. ಹಕ್ಕಿನ ವಿಷಯ ಒಂದೇ ಕಾರಣವಲ್ಲ. ಕಲಿಯಲು ಎಸ್ಪೆರಾಂಟೊ ಸುಲಭವೂ ಆಗಿತ್ತು. ಆದರೆ ಆ ಸುಲಭವನ್ನು ವೋಲಾಪ್ಯೂಕ್‌ಗೂ ತರುವ ದಾರಿಯನ್ನು ಮುಚ್ಚಿದ್ದು ಆ ಪಟ್ಟು.

ಘಟಕಕ್ಕೆ ಜೋಡಣೆ

ಇದೇ ಕಾಲದಲ್ಲಿ, 1892ರಲ್ಲಿ, ಹಲವು ದೇಶಗಳ ರಸಾಯನ ವಿಜ್ಞಾನಿಗಳು ಜಿನೀವಾದಲ್ಲಿ ಸೇರಿ ಸಾವಯವ ಸಂಯುಕ್ತಗಳಿಗೆ ಹೆಸರಿಡುವ ನಿಯಮಗಳನ್ನು ಒಪ್ಪಿಕೊಂಡರು. 1919ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಒಕ್ಕೂಟ ಆ ಕೆಲಸವನ್ನು ಮುಂದುವರಿಸಿ, ನಿಯಮಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಿದೆ. ಈ ಹೆಸರುಗಳಿಗೆ ಒಬ್ಬ ಒಡೆಯನಿಲ್ಲ. ಇಷ್ಟು ಹೇಳಿ ಈಥೇನ್‌ನಿಂದ ಎಥನಾಲ್‌ಗೆ ಬಂದಾಗ, ವೋಲ್‌ಗೆ ಪ್ರತ್ಯಯ ಹಚ್ಚಿದ ಕೈಗಳೇ ಮೇಲೆದ್ದವು.

ಮೌಲ್ಯಮಾಪನ

ಕೊನೆಯ ಐದು ನಿಮಿಷ ಎರಡು ಪ್ರಶ್ನೆ ಕೊಟ್ಟೆ: ಪ್ರೊಪೇನ್‌ನಿಂದ ಆಲ್ಕೋಹಾಲಿನ ಹೆಸರು ಕಟ್ಟಿರಿ; ನಿಯಮ ಬದಲಿಸುವ ಅಧಿಕಾರ ಯಾರಿಗಿರಬೇಕು? ಮೊದಲನೆಯದಕ್ಕೆ ಬಹುತೇಕರು ಪ್ರೊಪನಾಲ್ ಎಂದು ಬರೆದರು. ಎರಡನೆಯದಕ್ಕೆ ಉತ್ತರಗಳು ಒಂದೇ ಆಗಿರಲಿಲ್ಲ. "ಎಲ್ಲರೂ ಬದಲಿಸಿದರೆ ಯಾರಿಗೂ ಅರ್ಥವಾಗದು, ಒಬ್ಬರೇ ಬದಲಿಸಿದರೆ ಯಾರಿಗೂ ಬೇಡವಾಗುತ್ತದೆ" ಎಂದು ಒಬ್ಬ ಹುಡುಗ ಬರೆದಿದ್ದ.

ಪಾಠವೂ ಹೀಗೆಯೇ ಎಂದು ನನಗನ್ನಿಸುತ್ತದೆ. ಯೋಜನೆ ಬರೆಯುವುದು ಶಿಕ್ಷಕರು. ಆದರೆ ಮಕ್ಕಳು ಅದನ್ನು ತಮ್ಮ ಮಾತಿನಲ್ಲಿ ತಿರುಗಿಸಿ ಹೇಳಲು ಬಿಡದಿದ್ದರೆ ಅದು ಯೋಜನಾ ಪುಸ್ತಕದಲ್ಲೇ ಉಳಿಯುತ್ತದೆ. ಈ ಘಟಕ ಬೋಧಿಸುವ ಸಹಪಾಠಿಗಳಿಗೆ ನನ್ನ ಸಲಹೆ: ಪಟ್ಟಿ ಕೊಡುವ ಮೊದಲು ನಿಯಮ ಕೊಡಿ, ಪಟ್ಟಿಯನ್ನು ಮಕ್ಕಳೇ ಬರೆಯಲಿ.