ಕೊಳ್ಳುವವರು ಬರುವರೆಂಬ ಸುದ್ದಿ ಬಂದಾಗ

ಶಸ್ತ್ರವೈದ್ಯನ ಕೈಯ ಸೂಕ್ಷ್ಮ ಚಲನೆಗಳನ್ನು ರೋಗಿಯ ದೇಹದೊಳಗೆ ಯಥಾವತ್ತಾಗಿ ಅನುಸರಿಸುವ ರೋಬಾಟ್ ಯಂತ್ರಗಳನ್ನು ನಿರ್ಮಿಸುವ ಕಂಪನಿಗಳ ವಿಷಯದಲ್ಲಿ, ಇದನ್ನು ಇನ್ನಾವುದೋ ದೊಡ್ಡ ಕಂಪನಿ ಕೊಳ್ಳಲಿದೆಯಂತೆ ಎಂಬ ಮಾತು ಮೇಲಿಂದ ಮೇಲೆ ಹುಟ್ಟುವುದೂ, ಹುಟ್ಟಿದ ಮರುದಿನವೇ ಷೇರಿನ ಬೆಲೆ ಏರುವುದೂ, ಏರಿದುದನ್ನು ಕಂಡು ಸಣ್ಣ ಹೂಡಿಕೆದಾರರು ಧಾವಿಸುವುದೂ ಹೊಸತಲ್ಲ. ಇವುಗಳಲ್ಲಿ ಬಹಳಷ್ಟು ಅಮೆರಿಕದ ಪೇಟೆಯ ಕಂಪನಿಗಳಾದರೂ, ರಿಸರ್ವ್ ಬ್ಯಾಂಕಿನ ನಿಯಮದಂತೆ ಭಾರತದ ನಿವಾಸಿಯೊಬ್ಬರು ಆರ್ಥಿಕ ವರ್ಷವೊಂದರಲ್ಲಿ ಎರಡೂವರೆ ಲಕ್ಷ ಡಾಲರಿನವರೆಗೆ ಹೊರಗೆ ಕಳುಹಿಸಬಹುದಾದುದರಿಂದ, ಬೆಂಗಳೂರಿನಲ್ಲಿ ಕುಳಿತವರಿಗೂ ಈ ಷೇರುಗಳು ಈಗ ದೂರದ ವಸ್ತುಗಳಲ್ಲ. ಈ ಲೇಖನ ಅಂಥವರಿಗಾಗಿ.

ಮೊದಲು ಮೂರು ದೃಷ್ಟಾಂತಗಳನ್ನು ನೋಡೋಣ. ಮಂಡಿ ಮತ್ತು ಸೊಂಟದ ಕೀಲುಗಳ ಶಸ್ತ್ರಚಿಕಿತ್ಸೆಗೆ ಯಂತ್ರವನ್ನು ರೂಪಿಸಿದ್ದ ಫ್ಲಾರಿಡಾದ ಮ್ಯಾಕೊ ಕಂಪನಿಯನ್ನು 2013ರ ಸೆಪ್ಟೆಂಬರಿನಲ್ಲಿ ಸ್ಟ್ರೈಕರ್ ಕೊಳ್ಳಲೊಪ್ಪಿದಾಗ, ಹಿಂದಿನ ದಿನ 16.17 ಡಾಲರ್ ಇದ್ದ ಷೇರಿಗೆ 30 ಡಾಲರ್ ದೊರೆಯಿತು. ಬೆನ್ನುಮೂಳೆಯ ಶಸ್ತ್ರಕ್ರಿಯೆಗೆ ನೆರವಾಗುವ ಇಸ್ರೇಲಿನ ಮಜೋರ್ ಕಂಪನಿಯಲ್ಲಿ ಮೆಡ್‌ಟ್ರಾನಿಕ್ 2016ರಿಂದಲೇ ಹಣ ಹೂಡಿದ್ದುದರಿಂದ ಪೇಟೆ ಮುಂದಿನದನ್ನು ಆಗಲೇ ಊಹಿಸಿಕೊಂಡಿತ್ತು. 2018ರಲ್ಲಿ ಖರೀದಿ ಘೋಷಿತವಾದಾಗ ಷೇರುದಾರರಿಗೆ ಅಧಿಕವಾಗಿ ಸಿಕ್ಕಿದುದು ಸುಮಾರು ಶೇ. 10 ಮಾತ್ರ. ಮೂರನೆಯದು ಟ್ರಾನ್ಸ್‌ಎಂಟೆರಿಕ್ಸ್, ಮುಂದೆ ಅಸೆನ್ಸಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿ. 2021ರ ಫೆಬ್ರವರಿಯಲ್ಲಿ ಮೂರು ಡಾಲರಿಗೂ ಮೇಲಿದ್ದ ಅದರ ಷೇರಿಗೆ, ಕೊಳ್ಳುವವರು ನಿಜವಾಗಿಯೂ ಬಂದ 2024ರಲ್ಲಿ, ಜರ್ಮನಿಯ ಕಾರ್ಲ್ ಸ್ಟಾರ್ಜ್ ಕೊಟ್ಟುದು 35 ಸೆಂಟ್. ಸುದ್ದಿಯನ್ನು ನಂಬಿ ಕುಳಿತವರ ನಂಬಿಕೆ ಇಲ್ಲಿ ಸುಳ್ಳಾಗಲಿಲ್ಲ; ಹಣ ಮಾತ್ರ ಹೋಯಿತು.

ಆದುದರಿಂದ ಸುದ್ದಿ ಕಿವಿಗೆ ಬಿದ್ದೊಡನೆ ಮಾಡಬೇಕಾದ ಮೊದಲ ಕೆಲಸ ಅದರ ಮೂಲವನ್ನು ಅರಸುವುದು. ಅಮೆರಿಕದ ಷೇರುಪೇಟೆ ಆಯೋಗದ ಎಡ್ಗರ್ ಎಂಬ ದಾಖಲೆಗಳ ಭಂಡಾರ ಯಾರಿಗಾದರೂ ಉಚಿತವಾಗಿ ತೆರೆದಿರುತ್ತದೆ. ಖರೀದಿಯ ಖಚಿತ ಒಪ್ಪಂದಕ್ಕೆ ಸಹಿಯಾದಲ್ಲಿ, ನಾಲ್ಕು ವ್ಯವಹಾರ ದಿನಗಳೊಳಗೆ ಕಂಪನಿಯು 8-ಕೆ ಎಂಬ ನಮೂನೆಯಲ್ಲಿ ಅದನ್ನು ಅಲ್ಲಿ ಸಲ್ಲಿಸಲೇಬೇಕು. ನಮ್ಮಲ್ಲಿ ದೊಡ್ಡ 250 ಕಂಪನಿಗಳು, ಗಾಳಿಸುದ್ದಿಯಿಂದ ಬೆಲೆ ಗಣನೀಯವಾಗಿ ಅಲುಗಿದರೆ, 24 ಗಂಟೆಗಳೊಳಗೆ ಹೌದೆಂದೋ ಅಲ್ಲವೆಂದೋ ಹೇಳಬೇಕೆಂಬ ಸೆಬಿಯ ಕಟ್ಟಳೆಯುಂಟು. ಅಮೆರಿಕದಲ್ಲಿ ಕಂಪನಿಗಳು ಸಾಮಾನ್ಯವಾಗಿ ಮೌನವಹಿಸುತ್ತವೆ. ಆ ಮೌನವನ್ನು ಸಮ್ಮತಿಯ ಲಕ್ಷಣವೆಂದು ಬಗೆಯುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಎರಡನೆಯ ಹೆಜ್ಜೆ ಎಲ್ಲಕ್ಕಿಂತ ಮುಖ್ಯವೆಂದು ನಾನು ತಿಳಿದಿದ್ದೇನೆ. ತ್ರೈಮಾಸಿಕ ವರದಿಯನ್ನು ತೆರೆದು, ಕಂಪನಿಯ ಕೈಯಲ್ಲಿರುವ ನಗದೆಷ್ಟು, ಮೂರು ತಿಂಗಳಲ್ಲಿ ಕಾರ್ಯಾಚರಣೆಗೆ ವ್ಯಯವಾದುದೆಷ್ಟು ಎಂಬ ಎರಡೇ ಅಂಕೆಗಳನ್ನು ಬರೆದುಕೊಂಡು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿರಿ. ಆರು ಕೋಟಿ ಡಾಲರ್ ಇದ್ದು ಮೂರು ತಿಂಗಳಿಗೆ ಎರಡು ಕೋಟಿ ಕರಗುತ್ತಿದ್ದರೆ ಆಯುಷ್ಯ ಒಂಬತ್ತು ತಿಂಗಳು. ಕೊಳ್ಳಬಯಸುವ ದೊಡ್ಡ ಕಂಪನಿಯ ಅಧಿಕಾರಿಗಳೂ ಈ ಭಾಗಾಕಾರವನ್ನು ಮಾಡಿಯೇ ಇರುತ್ತಾರೆ. ಒಂಬತ್ತು ತಿಂಗಳು ಕಾದರೆ ಅಗ್ಗಕ್ಕೆ ದೊರೆಯುವ ವಸ್ತುವಿಗೆ ಅವರು ಇಂದೇ ಹೆಚ್ಚು ಬೆಲೆಯನ್ನೇಕೆ ಕೊಟ್ಟಾರು? ಇದಲ್ಲದೆ, ಸುದ್ದಿಯಿಂದ ಬೆಲೆ ಏರಿದ ದಿನವೇ ಹಣವಿಲ್ಲದ ಕಂಪನಿಗೆ ಹೊಸ ಷೇರುಗಳನ್ನು ಮಾರಲು ಸುಮುಹೂರ್ತ. 2021ರ ಆರಂಭದಲ್ಲಿ ಬೆಲೆ ಏರುತ್ತಿದ್ದಂತೆ ಟ್ರಾನ್ಸ್‌ಎಂಟೆರಿಕ್ಸ್ ಮಾಡಿದುದೂ ಅದನ್ನೇ. ಹಳೆಯ ಬೆಲೆಗಳ ನಕ್ಷೆಯನ್ನು ನೋಡುವಾಗಲೂ ಎಚ್ಚರ ಬೇಕು: ಅದೇ ಕಂಪನಿ 2019ರ ಡಿಸೆಂಬರಿನಲ್ಲಿ ಹದಿಮೂರು ಷೇರುಗಳನ್ನು ಕೂಡಿಸಿ ಒಂದಾಗಿಸಿದ್ದುದರಿಂದ, ಅದಕ್ಕೆ ಹಿಂದಿನ ಬೆಲೆಗಳು ನಕ್ಷೆಯಲ್ಲಿ ಹದಿಮೂರು ಪಟ್ಟಾಗಿ ಕಾಣುತ್ತವೆ.

ಇನ್ನು ಯಂತ್ರದ ವಿಚಾರ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಅನುಮತಿಸದ ಯಂತ್ರ ಆ ದೇಶದ ಮಟ್ಟಿಗೆ ಪ್ರದರ್ಶನದ ಬೊಂಬೆ. ಟ್ರಾನ್ಸ್‌ಎಂಟೆರಿಕ್ಸಿನ ಸರ್ಜಿಬಾಟ್ 2016ರ ಏಪ್ರಿಲಿನಲ್ಲಿ ಆ ಅನುಮತಿ ಸಿಗದೆ ನಿಂತುಹೋಯಿತು. ಅನುಮತಿಯಿದ್ದರೂ ಎಷ್ಟು ಯಂತ್ರ ಮಾರಿದಿರಿ ಎಂದು ಕೇಳುವುದಕ್ಕಿಂತ, ಎಷ್ಟು ಶಸ್ತ್ರಕ್ರಿಯೆಗಳು ನಡೆದುವು ಎಂದು ಕೇಳುವುದು ಮೇಲು. ಏಕೆಂದರೆ ಈ ಉದ್ಯಮದ ಹಿರಿಯಣ್ಣನಾದ ಇಂಟ್ಯೂಟಿವ್ ಕಂಪನಿಯ ಆದಾಯದ ಅರ್ಧಕ್ಕಿಂತ ಹೆಚ್ಚು ಭಾಗ, ಇಂತಿಷ್ಟು ಸಲ ಬಳಸಿದ ಮೇಲೆ ಬದಲಿಸಲೇಬೇಕಾದ ಉಪಕರಣಗಳಿಂದ ಬರುತ್ತದೆ.

ಕೊಳ್ಳುವವರಾರು ಎಂಬುದನ್ನೂ ಹೆಸರು ಹಿಡಿದು ಯೋಚಿಸಿರಿ. ಮೆಡ್‌ಟ್ರಾನಿಕ್‌ಗೆ ಹ್ಯೂಗೊ ಎಂಬ ತನ್ನದೇ ಯಂತ್ರವಿದೆ. ಜಾನ್ಸನ್ ಅಂಡ್ ಜಾನ್ಸನ್ ಒಟ್ಟಾವ ಎಂಬುದನ್ನು ರೂಪಿಸುತ್ತಿದೆ. ಮನೆಯಲ್ಲೇ ಕೂಸಿರುವವರು ದತ್ತು ಪಡೆಯುವುದು ಅಪೂರ್ವ. 2000ದಲ್ಲಿ ಷೇರಿಗೆ 9 ಡಾಲರಿನಂತೆ ಪೇಟೆಗೆ ಬಂದ ಇಂಟ್ಯೂಟಿವ್ ಅಂತೂ ಯಾರಿಗೂ ಮಾರಾಟವಾಗಲಿಲ್ಲ; ಬದಲಾಗಿ 2003ರಲ್ಲಿ, ತನ್ನೊಡನೆ ಪೇಟೆಂಟ್ ವ್ಯಾಜ್ಯ ಹೂಡಿದ್ದ ಕಂಪ್ಯೂಟರ್ ಮೋಷನ್ ಕಂಪನಿಯನ್ನು ತಾನೇ ತನ್ನೊಳಗೆ ಸೇರಿಸಿಕೊಂಡು ವ್ಯಾಜ್ಯವನ್ನೂ ಮುಗಿಸಿತು.

ಒಪ್ಪಂದ ನಿಜವಾಗಿ ಘೋಷಿತವಾದರೆ, ಶೀರ್ಷಿಕೆಯ ಮೊತ್ತವನ್ನು ಬಿಟ್ಟು ಷರತ್ತುಗಳನ್ನು ಓದಿರಿ. 2019ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಆರಿಸ್ ಹೆಲ್ತ್‌ಗೆ ರೊಕ್ಕವಾಗಿ ಕೊಟ್ಟುದು 340 ಕೋಟಿ ಡಾಲರ್. ನಿಗದಿತ ಗುರಿಗಳನ್ನು ಮುಟ್ಟಿದರೆ ಮಾತ್ರ ಕೊಡುವುದಾಗಿ ಹೇಳಿದುದು ಮತ್ತೆ 235 ಕೋಟಿ. ಆ ಗುರಿಗಳಿಗಾಗಿ ಕೊಂಡವರು ತಕ್ಕಷ್ಟು ಶ್ರಮಿಸಲಿಲ್ಲವೆಂದು ಆರಿಸಿನ ಹಿಂದಿನ ಷೇರುದಾರರು ದಾವೆ ಹೂಡಿ, 2024ರಲ್ಲಿ ಡೆಲವೇರಿನ ಚಾನ್ಸರಿ ನ್ಯಾಯಾಲಯದಲ್ಲಿ ನೂರು ಕೋಟಿ ಡಾಲರಿಗೂ ಮಿಕ್ಕ ಪರಿಹಾರದ ತೀರ್ಪನ್ನು ಪಡೆದರು. ವ್ಯಾಜ್ಯ ಅಲ್ಲಿಂದ ಮೇಲಿನ ನ್ಯಾಯಾಲಯಕ್ಕೂ ಹೋಯಿತು. 2025ರಲ್ಲಿ ಮೋನೋಗ್ರಾಮ್ ಕಂಪನಿಯನ್ನು ಕೊಂಡ ಜಿಮ್ಮರ್ ಬಯೋಮೆಟ್ ಷೇರೊಂದಕ್ಕೆ 4.04 ಡಾಲರ್ ನಗದನ್ನೂ, ಗುರಿಗಳೆಲ್ಲ ಈಡೇರಿದರೆ 12.37 ಡಾಲರಿನವರೆಗೆ ದೊರೆಯಬಹುದಾದ ಹಕ್ಕನ್ನೂ ನೀಡಿತು. ಇಂಥಲ್ಲಿ ನಗದನ್ನೇ ಬೆಲೆಯೆಂದು ಎಣಿಸಿ, ಉಳಿದುದನ್ನು ಹರಕೆಯ ಫಲದಂತೆ ಕಾಣುವುದು ಲೇಸು. ಘೋಷಣೆಯ ಬಳಿಕ ಷೇರು ಒಪ್ಪಿತ ನಗದು ಬೆಲೆಗಿಂತ ತುಸು ಕೆಳಗೆ ನಿಂತರೆ ಬೆದರಬೇಕಿಲ್ಲ. ಅದು ಒಪ್ಪಂದ ಮುರಿಯಬಹುದಾದ ಅಪಾಯಕ್ಕೂ ಕಾಯುವ ಕಾಲಕ್ಕೂ ಪೇಟೆ ಕಟ್ಟಿದ ಬೆಲೆ.

ಕೊನೆಯದು ತೆರಿಗೆ. ನಗದು ಖರೀದಿಯಲ್ಲಿ ನಿಮ್ಮ ಷೇರು ಕೈಬಿಡುವ ದಿನವನ್ನು ನಿಶ್ಚಯಿಸುವವರು ನೀವಲ್ಲ. ವಿದೇಶೀ ಷೇರನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟಿದ್ದರೆ ಲಾಭದ ಮೇಲೆ ಶೇ. 12.5, ಆ ಅವಧಿ ತುಂಬುವ ಮುನ್ನವೇ ಒಪ್ಪಂದ ಪೂರ್ಣಗೊಂಡರೆ ನಿಮ್ಮ ಆದಾಯದ ಹಂತಕ್ಕೆ ಅನ್ವಯಿಸುವ ದರ. ಷೇರು ಕೈಬಿಟ್ಟ ಮಾತ್ರಕ್ಕೆ ಲೆಕ್ಕ ಮುಗಿಯುವುದೂ ಇಲ್ಲ: ಆದಾಯ ತೆರಿಗೆ ವಿವರಪಟ್ಟಿಯಲ್ಲಿನ ವಿದೇಶೀ ಆಸ್ತಿಗಳ ಅನುಸೂಚಿಯನ್ನು ಜನವರಿಯಿಂದ ಡಿಸೆಂಬರಿನವರೆಗಿನ ವರ್ಷಕ್ಕೆ ತುಂಬಬೇಕಾದುದರಿಂದ, ಆ ವರ್ಷದಲ್ಲಿ ಒಂದು ದಿನವಾದರೂ ನಿಮ್ಮ ಹೆಸರಿನಲ್ಲಿದ್ದ ಷೇರನ್ನು ಅಲ್ಲಿ ಕಾಣಿಸಲೇಬೇಕು.