ಪ್ಲಗ್ ಮೇಲೆ ಆಯಿಲ್ ಕಂಡಿತೇ? ಪಕ್ಕಾ ಮೆಕ್ಯಾನಿಕ್ ಆಗಲು 10 ಸೂತ್ರಗಳು

ಮಿನಿ ಟ್ರಕ್ ಗ್ಯಾರೇಜಿಗೆ ಬಂದಿದೆ. ಡ್ರೈವರ್ ದೂರು: "ಗಾಡಿ ಮಿಸ್ ಹೊಡೀತಿದೆ, ಪಿಕಪ್ ಇಲ್ಲ." ಪ್ಲಗ್ ಬಿಚ್ಚಿದರೆ ಮೈಯೆಲ್ಲ ಆಯಿಲ್. "ಇಂಜಿನ್ ಹೋಯ್ತು, ಬೋರ್ ಮಾಡಿಸಬೇಕು" ಅನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ಆಯಿಲ್ ಎಲ್ಲಿಂದ ಬಂತು ಎಂದು ಬೆರಳಿಟ್ಟು ತೋರಿಸುವವರನ್ನು ಮಾಲೀಕರು ಊರು ದಾಟಿ ಹುಡುಕಿಕೊಂಡು ಬರುತ್ತಾರೆ. ಐಟಿಐ ಓದುತ್ತಿದ್ದೀರಾ? ಗ್ಯಾರೇಜಿನಲ್ಲಿ ಹೆಲ್ಪರ್ ಆಗಿದ್ದೀರಾ? ನೀವು ಬೆರಳಿಟ್ಟು ತೋರಿಸುವವರಾಗಿ. ದಾರಿ ಇಲ್ಲಿದೆ.

1. ಇಂಜಿನ್ ಯಾವುದೆಂದು ಮೊದಲು ತಿಳಿಯಿರಿ.
ಡೀಸೆಲ್ ಲಾರಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ, ಆ ಬಿಸಿಯಲ್ಲೇ ಅದು ಡೀಸೆಲ್ ಹೊತ್ತಿಸುತ್ತದೆ. ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಗಳಿಗೆ ಕಿಡಿ ಬೇಕೇ ಬೇಕು. ಸಿಎನ್‌ಜಿ ಗಾಡಿಗಳು ಹೆಚ್ಚಿದಷ್ಟೂ ಪ್ಲಗ್ ಓದಬಲ್ಲವರಿಗೆ ಕೆಲಸ ಹೆಚ್ಚುತ್ತದೆ. ಈ ವಿದ್ಯೆಯನ್ನು ಈಗಲೇ ಕಲಿಯಿರಿ.

2. ಪ್ಲಗ್ ಬಿಚ್ಚುವ ಮೊದಲು ಅದು ಕೂತಿರುವ ಗುಂಡಿ ನೋಡಿ.
ಇಂಜಿನ್ ಆರಲಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಲ್ಲಿ ಪ್ಲಗ್ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ. ಇಗ್ನಿಷನ್ ಕಾಯಿಲ್ ಎತ್ತಿ, ಒಳಗೆ ಟಾರ್ಚ್ ಬಿಡಿ. ಆಯಿಲ್ ನಿಂತಿದ್ದರೆ ಮೊದಲು ಅದನ್ನು ಹೀರಿ ತೆಗೆದು, ಒರೆಸಿ, ಆಮೇಲೆ ಪ್ಲಗ್ ಬಿಚ್ಚಿ. ಆತುರಪಟ್ಟರೆ ಆ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ, ಸಾಕ್ಷಿ ಅಲ್ಲೇ ಕಲಸಿಹೋಗುತ್ತದೆ.

3. ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಜೋಡಿಸಿ.
ರಟ್ಟಿನ ಮೇಲೆ 1, 2, 3, 4 ಎಂದು ಬರೆದು ಇಡಿ. ಫೋಟೋ ತೆಗೆಯಿರಿ. ಒಂದೇ ಪ್ಲಗ್ ಒದ್ದೆಯಾಗಿದ್ದರೆ ತೊಂದರೆ ಬಹುತೇಕ ಆ ಸಿಲಿಂಡರ್‌ನದು. ನಾಲ್ಕೂ ಒದ್ದೆಯಾಗಿದ್ದರೆ ಇಡೀ ಇಂಜಿನ್‌ಗೆ ಸಂಬಂಧಿಸಿದ ಕಾರಣ ಹುಡುಕಿ. ಪ್ಲಗ್‌ಗಳನ್ನು ಒಂದೇ ಡಬ್ಬಿಗೆ ಸುರಿದರೆ ಈ ಸುಳಿವು ಮತ್ತೆ ಸಿಗದು.

4. ಒಂದೇ ಪ್ರಶ್ನೆ ಕೇಳಿ: ಆಯಿಲ್ ಮೇಲಿದೆಯೋ, ತುದಿಯಲ್ಲಿದೆಯೋ?
ಇದು ಎಲ್ಲ ಸೂತ್ರಗಳ ತಾಯಿ. ಬಿಳಿ ಪಿಂಗಾಣಿ ಭಾಗದ ಮೇಲೆ ಆಯಿಲ್ ಇದ್ದು, ತುದಿ ಒಣಗಿದ್ದರೆ ಸೋರಿಕೆ ಹೊರಗಿನದು. ಟ್ಯಾಪೆಟ್ ಕವರ್ ಪ್ಯಾಕಿಂಗ್ ಅಥವಾ ಪ್ಲಗ್ ಟ್ಯೂಬ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಕಾಯಿಲ್‌ನ ರಬ್ಬರ್ ಬೂಟ್ ಆಯಿಲ್ ಕುಡಿದು ಉಬ್ಬುತ್ತದೆ, ಕಿಡಿ ದಾರಿ ತಪ್ಪುತ್ತದೆ, ಗಾಡಿ ಮಿಸ್ ಹೊಡೆಯುತ್ತದೆ. ಇದು ರಬ್ಬರ್ ಬದಲಿಸುವ ಕೆಲಸ, ಇಂಜಿನ್ ಬಿಚ್ಚುವ ಕೆಲಸವಲ್ಲ. ತುದಿಯ ಎಲೆಕ್ಟ್ರೋಡ್ ಆಯಿಲ್‌ನಲ್ಲಿ ನೆನೆದಿದ್ದರೆ ಮಾತ್ರ ಆಯಿಲ್ ಒಳಗಿನಿಂದ, ಅಂದರೆ ಸಿಲಿಂಡರ್‌ನಿಂದ ಬರುತ್ತಿದೆ. ಮುಂದಿನ ಸೂತ್ರಗಳು ಅದಕ್ಕೇ.

5. ಕಪ್ಪೆಲ್ಲ ಆಯಿಲ್ ಅಲ್ಲ, ಮುಟ್ಟಿ ನೋಡಿ.
ಜಿಡ್ಡಾಗಿ ಹೊಳೆದರೆ ಆಯಿಲ್. ಪೆಟ್ರೋಲ್ ವಾಸನೆ ಬಂದು ಸ್ವಲ್ಪ ಹೊತ್ತಿಗೆ ಆರಿದರೆ ಇಂಧನ. ಒಣ ಮಸಿಯಾಗಿ ಬೆರಳಿಗೆ ಹತ್ತಿದರೆ ಇಂಧನ ಹೆಚ್ಚು ಹೋಗುತ್ತಿದೆ ಅಥವಾ ಕಿಡಿ ದುರ್ಬಲ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಆರೋಗ್ಯ ಚೆನ್ನಾಗಿದೆ. ಮೊದಲ ಮೂರಕ್ಕೂ ಮದ್ದು ಬೇರೆ ಬೇರೆ, ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

6. ಅಗ್ಗದ ಕಾರಣದಿಂದ ಶುರು ಮಾಡಿ.
ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಮೇಲಿನ ಗೆರೆ ದಾಟಿದೆಯೇ? ಪಿಸಿವಿ ವಾಲ್ವ್ ಪರೀಕ್ಷಿಸಿ. ಅದು ಕಟ್ಟಿಕೊಂಡರೆ ಇಂಜಿನ್ ಒಳಗಿನ ಒತ್ತಡ ಏರಿ ಆಯಿಲ್ ಸೀಲ್‌ಗಳನ್ನು ದಾಟುತ್ತದೆ, ತೆರೆದೇ ಉಳಿದರೆ ಆಯಿಲ್ ಇನ್‌ಟೇಕ್‌ಗೆ ಎಳೆದುಹೋಗುತ್ತದೆ. ಈ ಎರಡು ನೋಡಲು ಕೆಲವೇ ನಿಮಿಷ ಸಾಕು. ಮಾಲೀಕರ ದುಡ್ಡು ಉಳಿಸಿದವರ ಮಾತಿಗೆ ಮುಂದೆ ತೂಕ ಬರುತ್ತದೆ.

7. ನೀಲಿ ಹೊಗೆಯ ಹೊತ್ತು ಗಮನಿಸಿ.
ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಕಣ್ಣಿಡಿ. ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿಯುವಾಗ ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು, ಆಮೇಲೆ ಒತ್ತಿದಾಗ ಹೊಗೆ ಬುಸ್ಸೆಂದರೂ ವಾಲ್ವ್ ಸೀಲ್ ಅಥವಾ ಗೈಡ್ ಸವೆದಿರುವ ಸಾಧ್ಯತೆ ಹೆಚ್ಚು. ಲೋಡ್ ಹೊತ್ತು ಏರು ಹತ್ತುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗ್ ಕಡೆ ಹೊರಳಿ. ಡ್ರೈವರಣ್ಣನನ್ನು ಕೂರಿಸಿ ಕೇಳಿ. ಗಾಡಿ ಜೊತೆ ದಿನವಿಡೀ ಇರುವವರು ಅವರೇ.

8. "ಇರಬಹುದು" ಬಿಡಿ, ಅಳೆಯಿರಿ.
ಅನುಮಾನ ಒಂದು ಅಭ್ಯಾಸ. ಕಂಪ್ರೆಷನ್ ಗೇಜ್ ಹಿಡಿದರೆ ಅದು ಬಿಟ್ಟುಹೋಗುತ್ತದೆ. ಇಂಜಿನ್ ತುಸು ಬೆಚ್ಚಗಾಗಲಿ, ಎಲ್ಲ ಪ್ಲಗ್ ತೆಗೆಯಿರಿ, ಇಂಧನ ಮತ್ತು ಇಗ್ನಿಷನ್ ಕಡಿತ ಮಾಡಿ, ಒಂದೊಂದೇ ಸಿಲಿಂಡರ್‌ಗೆ ಗೇಜ್ ಕೂರಿಸಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡಿ. ಉದಾಹರಣೆಗೆ 170, 168, 172, 110 ಪಿಎಸ್‌ಐ ಬಂತು ಎನ್ನಿ. ಅತಿ ಕಡಿಮೆ ಅಂಕಿ ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ಆ ಸಿಲಿಂಡರ್ ಸೋರುತ್ತಿದೆ. ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿ.

ಒಂದು ಎಚ್ಚರ: ಕಂಪ್ರೆಷನ್ ಚೆನ್ನಾಗಿದ್ದರೂ ಕೆಳಗಿನ ಆಯಿಲ್ ರಿಂಗ್ ಕರಕಲಿನಲ್ಲಿ ಅಂಟಿಕೊಂಡಿರಬಹುದು. ಒಂದು ಪರೀಕ್ಷೆ ಪಾಸಾಯಿತೆಂದು ಹುಡುಕಾಟ ನಿಲ್ಲಿಸಬೇಡಿ.

9. ಗಾಳಿ ತುಂಬಿ, ಕಿವಿ ಕೊಡಿ.
ಲೀಕ್‌ಡೌನ್ ಟೆಸ್ಟರ್ ಇದ್ದರೆ ಸಿಲಿಂಡರ್‌ಗೆ ಗಾಳಿ ಬಿಡಿ. ಆಯಿಲ್ ಮುಚ್ಚಳದ ಬಳಿ ಸದ್ದು ಜೋರಾದರೆ ರಿಂಗ್. ಥ್ರಾಟಲ್ ಬಳಿ ಬಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ವಾಲ್ವ್ ಸೀಲ್ ಒಂದೇ ಹೋಗಿದ್ದರೆ, ಎಷ್ಟೋ ಇಂಜಿನ್‌ಗಳಲ್ಲಿ ಇದೇ ಗಾಳಿಯ ಬಲದಿಂದ ವಾಲ್ವ್ ಹಿಡಿದು ನಿಲ್ಲಿಸಿ, ಹೆಡ್ ಇಳಿಸದೆಯೇ ಸೀಲ್ ಬದಲಿಸಬಹುದು.

10. ಕಾರಣ ಸರಿಪಡಿಸಿ, ಪ್ಲಗ್ ಒರೆಸಿ ಕಳಿಸಬೇಡಿ.
ಹೊಸ ಪ್ಲಗ್ ಹಾಕಿದರೆ ನಾಲ್ಕು ದಿನ ಗಾಡಿ ಓಡುತ್ತದೆ, ಆಮೇಲೆ ದೂರು ಮರಳುತ್ತದೆ. ಆಯಿಲ್‌ನಲ್ಲಿರುವ ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ, ಅದರ ಬೆಲೆ ಪ್ಲಗ್‌ನಂಥದ್ದಲ್ಲ. ಟ್ಯಾಪೆಟ್ ಕವರ್ ಬೋಲ್ಟ್‌ಗಳನ್ನು ಕಂಪನಿಯ ಮ್ಯಾನ್ಯುಯಲ್ ಹೇಳುವ ಕ್ರಮ ಮತ್ತು ಟಾರ್ಕ್‌ನಲ್ಲೇ ಬಿಗಿಮಾಡಿ. ಅತಿಯಾಗಿ ಬಿಗಿದರೆ ಹೊಸ ಪ್ಯಾಕಿಂಗೂ ಸೋರುತ್ತದೆ. 1,000 ಕಿ.ಮೀ. ಆದ ಮೇಲೆ ಗಾಡಿ ಕರೆಸಿ ಪ್ಲಗ್ ಮತ್ತೆ ನೋಡಿ.

ಇಂದೇ ಒಂದು ನೋಟ್‌ಬುಕ್ ಇಡಿ. ಗಾಡಿ, ಪ್ಲಗ್‌ನ ಬಣ್ಣ, ಕಂಪ್ರೆಷನ್ ಅಂಕಿ, ಕೊನೆಗೆ ಸಿಕ್ಕ ಕಾರಣ ಎಲ್ಲವನ್ನೂ ಬರೆಯಿರಿ. ಆ ಪುಟಗಳು ಹೆಚ್ಚಿದ ಹಾಗೆ ನಿಮ್ಮ ತೀರ್ಪು ಗಟ್ಟಿಯಾಗುತ್ತದೆ. ನಾಳೆ ಗ್ಯಾರೇಜಿಗೆ ಬರುವ ಮೊದಲ ಪೆಟ್ರೋಲ್ ಅಥವಾ ಸಿಎನ್‌ಜಿ ಮಿನಿ ಟ್ರಕ್‌ನ ಕಾಯಿಲ್ ಎತ್ತಿ, ಟಾರ್ಚ್ ಬಿಡಿ, ಮೊದಲ ಪುಟ ತುಂಬಿಸಿ.